ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಕೆಚುವಾ, ಐಮಾರಾ ಭಾಷೆಗಳು ಒಂದೇ ಕುಟುಂಬದವಾ?

ಹಾಗೆ ವಾದಿಸುವವರು ಇದ್ದಾರೆ. ಎರಡನ್ನೂ ಸೇರಿಸಿ 'ಕೆಚುಮಾರಾ' ಅನ್ನುವ ಹೆಸರೂ ಇಟ್ಟಿದ್ದಾರೆ. ಆದರೆ ಹೆಚ್ಚಿನ ತಜ್ಞರು ಇದನ್ನು ಒಪ್ಪಿಲ್ಲ, ನನಗೂ ಅವರ ಮಾತೇ ಸರಿ ಅನಿಸುತ್ತದೆ.

ಎಣಿಕೆಯನ್ನೇ ನೋಡಿ. ಮೂರಕ್ಕೆ ಎರಡರಲ್ಲೂ 'ಕಿಮ್ಸ'. ಐದು, ಆರು, ಹತ್ತು ಕೂಡ ಹತ್ತಿರ ಹತ್ತಿರ. ಆದರೆ ಒಂದು, ಎರಡಕ್ಕೆ ಕೆಚುವಾದಲ್ಲಿ 'ಹುಕ್', 'ಇಸ್ಕಾಯ್'. ಐಮಾರಾದಲ್ಲಿ 'ಮಾಯ', 'ಪಾಯ'. ಸಂಬಂಧವೇ ಇಲ್ಲ, ಅಲ್ವಾ? ಅಕ್ಕಪಕ್ಕ ಬಾಳಿದ ಜನ ನೂರಾರು ವರ್ಷ ಪದಗಳನ್ನು ಕಡ ಕೊಟ್ಟು ತೆಗೆದುಕೊಂಡಿದ್ದಾರೆ ಅಂದರೆ ಇದು ಅರ್ಥವಾಗುತ್ತದೆ.

ಗಂಟಲು ಬಿಗಿಹಿಡಿದು ಸಿಡಿಸುವ ಕ, ತ, ಪ ಇನ್ನೊಂದು ಸುಳಿವು. ಐಮಾರಾದಲ್ಲಿ ಇವೆ, ಅದರ ನೆರೆಯ ದಕ್ಷಿಣ ಪೆರುವಿನ ಕುಸ್ಕೋ, ಬೊಲಿವಿಯಾ ಕಡೆಯ ಕೆಚುವಾದಲ್ಲೂ ಇವೆ. ಮಧ್ಯ ಪೆರುವಿನ ಕೆಚುವಾದಲ್ಲಿ ಇಲ್ಲ. ಹಾಗಾಗಿ ಇವು ಐಮಾರಾದಿಂದ ಬಂದಿರಬೇಕು ಅನ್ನುವವರೇ ಜಾಸ್ತಿ.

1987ರಲ್ಲಿ ಭಾಷಾಶಾಸ್ತ್ರಜ್ಞ ಜೋಸೆಫ್ ಗ್ರೀನ್‌ಬರ್ಗ್ ಇವೆರಡನ್ನೂ ಸೇರಿಸಿ ದಕ್ಷಿಣ ಅಮೆರಿಕದ ಮೂಲಭಾಷೆಗಳನ್ನೆಲ್ಲ 'ಅಮೆರಿಂಡ್' ಅನ್ನುವ ಒಂದೇ ಬುಟ್ಟಿಗೆ ಹಾಕಿದ್ದರು. ಸುಮ್ನೆ ಮೇಲ್ನೋಟದ ಹೋಲಿಕೆ ನಂಬಿದರು ಅಂತ ಬಹುತೇಕರು ಅದನ್ನು ತಳ್ಳಿಹಾಕಿದರು.

ಐಮಾರಾಕ್ಕೆ ಖಚಿತವಾದ ನೆಂಟ ಬೇಕೆಂದರೆ ಲಿಮಾದ ದಕ್ಷಿಣಕ್ಕೆ, ತೂಪೆ ಎಂಬ ಬೆಟ್ಟದೂರಿನಲ್ಲಿ ಆಡುವ ಹಾಕಾರು ಭಾಷೆ ಇದೆ. ಅದರ ಬಗ್ಗೆ ಯಾರಿಗೂ ತಕರಾರಿಲ್ಲ.