ಕೇಜ್ ತೊಳೆಯೋಕೆ ರೋಬೋಟ್ ಹಾಕಿಸಬಹುದಾ?

ಪ್ರಯೋಗದ ಪ್ರಾಣಿ ಸಾಕುವ ನಿಮ್ಮ ಆನಿಮಲ್ ಹೌಸ್‌ನಲ್ಲಿ ಇಲಿ ಕೇಜ್ ತೊಳೆಯೋಕೆ ಬಂದವರು ನಿಲ್ಲುತ್ತಿಲ್ಲ, ರೋಬೋಟ್ ತಂದರೆ ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸ ನೋಡಿಕೊಳ್ಳುವವನು. ನನ್ನ ಲೆಕ್ಕದಲ್ಲಿ ನಿಮ್ಮ ತಲೆನೋವು ತೊಳೆಯೋದರಲ್ಲಿಲ್ಲ, ಕೇಜಿನ ತಳಕ್ಕೆ ಹಾಸಿದ ಬೆಡ್ಡಿಂಗ್ ಸುರಿಯೋದರಲ್ಲಿದೆ.

ತೊಳೆಯೋಕೆ ಟನೆಲ್ ವಾಷರ್ ಇದೆಯಲ್ವಾ. ಗೋಡೆಯ ಈ ಕಡೆ ಕೊಳಕು ಕೇಜನ್ನು ಬೆಲ್ಟ್ ಮೇಲೆ ಬೋರಲು ಹಾಕಿದರೆ ಆ ಕಡೆ ಶುದ್ಧವಾಗಿ ಬರುತ್ತದೆ. ಕೊನೆಯ ನೀರು 82 ಡಿಗ್ರಿ ಮುಟ್ಟಿತಾ ಅಂತ ನೋಡೋಕೆ ಬಣ್ಣ ಬದಲಾಗುವ ಪಟ್ಟಿ ಸಿಗುತ್ತದೆ. ಜನ ಬಿಟ್ಟು ಹೋಗೋದು ಅದಕ್ಕೂ ಮುಂಚಿನ ಕೆಲಸಕ್ಕೆ. ಇಡೀ ದಿನ ಒಂದೊಂದೇ ಕೇಜ್ ಎತ್ತಿ, ತಿರುಗಿಸಿ, ಕುಟ್ಟಿ, ಮೂಲೆ ಕೆರೆದು ಹಳೇ ಬೆಡ್ಡಿಂಗ್ ಸುರಿದರೆ ಭುಜವೂ ಮಣಿಕಟ್ಟೂ ಹಿಡಿದುಕೊಳ್ಳುತ್ತವೆ. ಅದರ ಮೇಲೆ ಅಮೋನಿಯಾ ನಾತ, ಧೂಳು. ಇಲಿ ಮೂತ್ರದಲ್ಲಿರುವ ಪ್ರೋಟೀನ್ ಆ ಧೂಳಿನ ಜೊತೆ ಒಳಗೆ ಹೋಗಿ ಮೊದಲು ಸೀನು, ಕಣ್ಣುರಿ, ಕೆಲವರಿಗೆ ಆಮೇಲೆ ಅಸ್ತಮಾ.

ಈ ಜಾಗಕ್ಕೆ ರೋಬೋಟ್ ಒಳ್ಳೆಯದೇ. ಆದರೆ ಅದಕ್ಕೆ ಒಂದೇ ಅಳತೆಯ ಕೇಜ್ ಬೇಕು, ಅದೂ ರಾಶಿಗಟ್ಟಲೆ. ಎರಡು ಮೂರು ಕಂಪನಿಯ ಕೇಜ್ ಬೆರೆತಿದ್ದರೆ ಸುಮ್ನೆ ದುಡ್ಡು ದಂಡ. ಡಯಾಬಿಟಿಸ್ ಇರುವ ಇಲಿಗಳ ಕೇಜ್ ನೋಡಿದ್ದೀರಾ? ಅವು ಮೂತ್ರ ಮಾಡೋದು ಜಾಸ್ತಿ, ಒಂದು ಮೂಲೆಯಲ್ಲಿ ಬೆಡ್ಡಿಂಗ್ ಆಗಿ ಹಾಕಿದ ಜೋಳದ ದಿಂಡಿನ ಪುಡಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ರೋಬೋಟ್ ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬಿಡೋದಿಲ್ಲ, ಹಾಗೇ ಒಳಗೆ ಹೋಗಿ ವಾಷರ್‌ನ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಇನ್ನೊಂದು ವಿಷಯ ಮಾರೋಕೆ ಬಂದವರು ತಾವಾಗಿ ಎತ್ತೋದಿಲ್ಲ. ಇಲಿಗಳನ್ನು ಹೊಸ ಕೇಜಿಗೆ ಹಾಕುವಾಗ ಹಳೇ ಗೂಡಿನಲ್ಲಿ, ಹರಿದ ಟಿಶ್ಯೂ ಪೇಪರ್ ಅಡಿಯಲ್ಲಿ, ಬೆರಳ ತುದಿಯಷ್ಟು ಕೆಂಪು ಮರಿ ಉಳಿದುಬಿಡಬಹುದು. ಕೈಯಲ್ಲಿ ಸುರಿಯುವವರ ಕಣ್ಣಿಗೆ ಅದು ಬೀಳುವ ಸಾಧ್ಯತೆಯಾದರೂ ಇದೆ. ಹಾಗಾಗಿ ರೋಬೋಟ್ ಬಂದರೂ ಗೂಡು ಬಿಡಿಸಿ ನೋಡೋಕೆ ರೂಮಿನಲ್ಲೇ ಒಬ್ಬರು ಬೇಕು, ಆ ಸಂಬಳ ಉಳಿಯುತ್ತೆ ಅಂತ ಲೆಕ್ಕ ಹಾಕಬೇಡಿ.

ಸೋಪಿನ ವಿಷಯದಲ್ಲೂ ಹುಷಾರು. 1998ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಯಾರೋ ನೆಲ ತೊಳೆಯುವ ಡಿಟರ್ಜೆಂಟನ್ನು ಪಾಲಿಕಾರ್ಬೊನೇಟ್ ಕೇಜಿಗೆ ಹಾಕಿದರು. ಪ್ಲಾಸ್ಟಿಕ್ಕಿನಿಂದ ಬಿಸ್ಫೆನಾಲ್ ಎ ಅನ್ನೋ ರಾಸಾಯನಿಕ ಸೋರಿತು, ಅಲ್ಲಿನ ವಿಜ್ಞಾನಿ ಪೆಟ್ರಿಷಿಯಾ ಹಂಟ್ ಅವರ ಪ್ರಯೋಗದ ಇಲಿಗಳ ಅಂಡಾಣುಗಳಲ್ಲಿ ಕ್ರೋಮೋಸೋಮ್ ಏರುಪೇರಾಯಿತು. ಅವರು ಅದರ ಬೆನ್ನು ಹತ್ತಿ 2003ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಮಾಡಿದರೆ ತಪ್ಪು ಒಂದು ಪಾಳಿಯದ್ದು, ವಾಷರ್‌ಗೆ ಸೋಪು ಅಳೆದು ಬಿಡುವ ಡೋಸಿಂಗ್ ಪಂಪ್ ತಪ್ಪಿದರೆ ಯಾರಾದರೂ ಗಮನಿಸುವವರೆಗೆ ಪ್ರತಿ ಕೇಜಿಗೂ ಅದೇ. ಪಂಪಿಗೆ ಯಾವ ಸೋಪಿನ ಕ್ಯಾನ್ ಜೋಡಿಸಬೇಕು ಅನ್ನೋದು ಒಬ್ಬರದೇ ಜವಾಬ್ದಾರಿ ಆಗಿರಲಿ.

ನಿಮ್ಮಲ್ಲಿ ಕೇಜ್ ಕೆಲವು ನೂರು ಇದ್ದರೆ ಮೊದಲು ಬೆಡ್ಡಿಂಗ್ ಸುರಿಯುವಾಗ ಧೂಳು ಎಳೆದುಕೊಳ್ಳುವ ಡಂಪ್ ಸ್ಟೇಷನ್ ಹಾಕಿಸಿ, ಖರ್ಚು ಎಷ್ಟೋ ಕಮ್ಮಿ. ಸಾವಿರಗಟ್ಟಲೆ ಇದ್ದರೆ ರೋಬೋಟ್ ಮಾತಾಡಿ, ಆದರೆ ಅವರ ಡೆಮೊ ಕೇಜ್ ಒಪ್ಪಬೇಡಿ. ನಿಮ್ಮಲ್ಲೇ ಎರಡು ವಾರ ಬಳಸಿದ, ಮೂಲೆ ಗಟ್ಟಿಯಾದ ಕೇಜನ್ನೇ ಕಳಿಸಿ ಓಡಿಸಿ ತೋರಿಸಿ ಅನ್ನಿ.