‘ನಮ್ಮ ಮಾತು ಬರೀಬಹುದಾ ಮೇಡಂ?’

ಇಂಗ್ಲೆಂಡಿಗೆ ಎಂ.ಎಸ್ಸಿ. ಓದಲು ಹೊರಟು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಅರ್ಧ ಬ್ಯಾಂಡ್, ಅಂದರೆ ಅರ್ಧ ಅಂಕ, ಸಾಲದೆ ಸಿಕ್ಕಿಬಿದ್ದ ಮಕ್ಕಳು ಪ್ರತಿ ಬೇಸಿಗೆಯಲ್ಲೂ ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರದು ಒಂದೇ ಕಥೆ. ಅದಕ್ಕೇ ಅಂಥ ಒಬ್ಬ ಹುಡುಗನ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ದಾವಣಗೆರೆ ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎಸ್ಸಿ. ಕೃಷಿ. ನೀರಿನ ನಿರ್ವಹಣೆಯ ಎಂ.ಎಸ್ಸಿ.ಗೆ ಷರತ್ತಿನ ಮೇಲೆ ಸೀಟು ಸಿಕ್ಕಿತ್ತು. ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5 ಬರಬೇಕು, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು. ಬರವಣಿಗೆಯಲ್ಲಿ ಮತ್ತೆ ಮತ್ತೆ 5.5. ವಿಶ್ವವಿದ್ಯಾಲಯ ಇನ್ನೊಂದು ದಾರಿಯನ್ನೂ ಕೊಟ್ಟಿತ್ತು. ಬೇಸಿಗೆಯಲ್ಲೇ ಬಂದು 10 ವಾರದ ಪ್ರಿ-ಸೆಷನಲ್ (ಮುಖ್ಯ ಕೋರ್ಸಿಗೆ ಮೊದಲಿನ) ಇಂಗ್ಲಿಷ್ ಕೋರ್ಸ್ ಪಾಸಾದರೆ ಸೆಪ್ಟೆಂಬರಿನಲ್ಲಿ ನೇರ ಎಂ.ಎಸ್ಸಿ.

ಅವನಿಗೆ ಅದು ಅವಮಾನ. ‘ಅಲ್ಲಿಗೆ ಹೋಗಿ ಎಬಿಸಿಡಿ ಕಲೀಬೇಕಾ ಮೇಡಂ? ಊರಲ್ಲಿ ಏನಂತಾರೆ?’ ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ.

ಎರಡನೇ ಭೇಟಿಗೆ ಅವನು ಬರೆದ ಅಭ್ಯಾಸದ ಪ್ರಬಂಧವೊಂದನ್ನು ತರಲು ಹೇಳಿದ್ದೆ. ಕೃಷಿಗೆ ಬಳಸುವ ನೀರಿಗೆ ಸರ್ಕಾರ ಹಣ ವಸೂಲಿ ಮಾಡಬೇಕೇ ಎಂಬುದು ವಿಷಯ. ವ್ಯಾಕರಣದಲ್ಲಿ ಅಂಥ ತಪ್ಪೇನೂ ಇರಲಿಲ್ಲ. ಆದರೆ ಮೊದಲ ಸಾಲು, ಕೊನೆಯ ಸಾಲು, ನಡುವಿನ ಜೋಡಣೆ ಎಲ್ಲ ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ್ದು. ಅದನ್ನು ಪಕ್ಕಕ್ಕಿಟ್ಟು, ‘ಈ ಪ್ರಶ್ನೆಗೆ ನಿಮ್ಮಪ್ಪ ಏನು ಹೇಳ್ತಾರೆ?’ ಎಂದು ಕನ್ನಡದಲ್ಲೇ ಕೇಳಿದೆ.

ಹುಡುಗ ಎದ್ದು ಕೂತ. ಅಪ್ಪನ ಅಡಿಕೆ ತೋಟದಲ್ಲಿ ಒಂದರ ಹಿಂದೆ ಒಂದು ಬೋರ್ ಬತ್ತಿದ್ದನ್ನು ಹೇಳಿದ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ಯಾರೂ ಮೋಟಾರ್ ಆರಿಸುವುದಿಲ್ಲ, ನೀರು ಇನ್ನೂ ಕೆಳಗೆ ಹೋಗುತ್ತದೆ ಎಂದ. ತಕ್ಷಣ ತಾನೇ ಅದಕ್ಕೆ ಎದುರಾಡಿದ: ‘ಆದ್ರೆ ದುಡ್ಡು ಹಾಕಿದ್ರೆ ಎರಡೆಕರೆಯವನು ಸಾಯ್ತಾನೆ, ದೊಡ್ಡ ತೋಟದವನು ಕಟ್ಕೊಂಡು ಎತ್ತುತ್ತಾನೆ. ಅದಕ್ಕೆ ಜಮೀನು ನೋಡಿ ದರ ಇಡಬೇಕು.’ ಇದು ನಿಲುವು, ಕಾರಣ, ಆಕ್ಷೇಪ, ಪರಿಹಾರ ಎಲ್ಲ ಇರುವ ವಾದ. ಪ್ರಬಂಧದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

‘ಅದು ಮನೆ ಮಾತು ಮೇಡಂ. ಪರೀಕ್ಷೆಯಲ್ಲಿ ನಮ್ಮ ಮಾತು ಬರೀಬಹುದಾ?’

ಈ ಮಾತು ಕೇಳಿ ನನಗೆ ತುಂಬಾ ಹೊತ್ತು ಸಂಕಟವಾಯಿತು. ಹದಿನೈದು ಹದಿನಾರು ವರ್ಷ ಓದಿದ ಹುಡುಗನಿಗೆ, ಉತ್ತರ ಅನ್ನುವುದು ನೋಟ್ಸ್‌ನಲ್ಲಿ ಮೊದಲೇ ಇರುತ್ತದೆ ಎಂದೇ ನಾವು ಕಲಿಸಿದ್ದೇವೆ. ಐಇಎಲ್‌ಟಿಎಸ್‌ನ 250 ಪದಗಳ ಪ್ರಶ್ನೆಯ ಕೆಳಗೇ, ನಿಮ್ಮ ಸ್ವಂತ ತಿಳಿವಳಿಕೆ, ಅನುಭವದಿಂದ ಉದಾಹರಣೆ ಕೊಡಿ ಎಂದು ಅಚ್ಚಾಗಿರುತ್ತದೆ. ಅವನು ಅದನ್ನು ಎಷ್ಟೋ ಸಲ ಓದಿದ್ದ. ತನಗೇ ಹೇಳಿದ್ದು ಅಂತ ಅನಿಸಿರಲಿಲ್ಲ, ಅಷ್ಟೆ.

ಹತ್ತು ವಾರದ ಕೋರ್ಸಿಗೇ ಹೋಗು ಎಂದು ಹೇಳಿದೆ. ಕಾರಣ ಇಷ್ಟು. ಮತ್ತೆ ಪರೀಕ್ಷೆ ಬರೆದರೆ 6 ಬರಬಹುದು. ಆದರೆ ಅಲ್ಲಿ ಅವನಿಗಾಗಿ ಕಾದಿರುವುದು ಸಾವಿರಾರು ಪದಗಳ ಪ್ರಬಂಧಗಳು, ಕೊನೆಗೊಂದು ಡಿಸರ್ಟೇಶನ್, ಅಂದರೆ ದೊಡ್ಡ ಸಂಶೋಧನಾ ಪ್ರಬಂಧ. ಬೇರೆಯವರು ಏನು ಹೇಳಿದ್ದಾರೆ, ಯಾವ ಆಧಾರದ ಮೇಲೆ, ನಾನು ಎಲ್ಲಿ ಒಪ್ಪುವುದಿಲ್ಲ ಎಂದು ಬರೆಯಬೇಕು. ಮೂಲ ಹೇಳದೆ ಸಾಲು ಎತ್ತಿಕೊಂಡರೆ ಅದು ಕಳ್ಳತನ. ಸೆಮಿನಾರಿನಲ್ಲಿ ಬಾಯಿ ಬಿಡಬೇಕು. ಐಇಎಲ್‌ಟಿಎಸ್ ಇದ್ಯಾವುದನ್ನೂ ಪರೀಕ್ಷಿಸುವುದಿಲ್ಲ. ಪ್ರಿ-ಸೆಷನಲ್ ಇದನ್ನೇ ಕಲಿಸುತ್ತದೆ.

‘ನಿಮಗೇನು, ಖರ್ಚು ನಮ್ಮದು’ ಎಂದು ಕೆಲವು ಪೋಷಕರು ಸಿಟ್ಟಾಗುತ್ತಾರೆ. ಅವರ ಕಷ್ಟ ಗೊತ್ತು. ಕೋರ್ಸಿನ ಫೀ, ಅಷ್ಟು ವಾರದ ಬಾಡಿಗೆ, ಊಟ ಎಲ್ಲ ಹೆಚ್ಚುವರಿಯೇ. ಎಜುಕೇಶನ್ ಲೋನ್‌ನಲ್ಲಿ ಅದೂ ಸೇರುತ್ತದಾ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಎರಡೂ ಕೋರ್ಸಿಗೆ ಒಂದೇ ವೀಸಾ ಸಾಕಾ, ಫೇಲಾದರೆ ಸೀಟಿನ ಗತಿ ಏನು ಎಂದು ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ದುಡ್ಡು ಹೊಂದದಿದ್ದರೆ ಒಂದು ವರ್ಷ ಮುಂದೂಡಿ, ಸಾಲದ ಮೇಲೆ ಸಾಲ ಬೇಡ. ಅವನ ಅಪ್ಪನಿಗೂ ಇದನ್ನೇ ಹೇಳಿದೆ. ಅವರು ಯೋಚಿಸಿ ಒಪ್ಪಿದರು.

ಹೊರಡುವವರೆಗೆ ಅವನಿಗೆ ಕೊಟ್ಟ ಕೆಲಸ ಒಂದೇ. ವಾರಕ್ಕೊಂದು ತನ್ನ ವಿಷಯದ ಸಂಶೋಧನಾ ಲೇಖನ ಓದಬೇಕು. ಅದು ಏನು ಹೇಳುತ್ತದೆ, ಅಪ್ಪ ಅದಕ್ಕೆ ಏನನ್ನಬಹುದು ಎಂದು ಮೊದಲು ಕನ್ನಡದಲ್ಲಿ ಬರೆಯಬೇಕು. ಆಮೇಲೆ ಅದನ್ನು ಮುಚ್ಚಿಟ್ಟು ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಬೇಕು. ಕೋಚಿಂಗ್‌ನ ನೋಟ್‌ಬುಕ್ ತೆಗೆಯುವಂತಿಲ್ಲ. ಮೊದಲೆರಡು ವಾರ ತುಂಬಾ ಒದ್ದಾಡಿದ. ಮೂರನೇದರಲ್ಲಿ ಲೇಖಕರ ಲೆಕ್ಕವೊಂದನ್ನು ಒಪ್ಪುವುದಿಲ್ಲ ಎಂದು ಬರೆದು, ಯಾಕೆಂದೂ ಹೇಳಿದ್ದ. ನಿದ್ದೆ ಬರುತ್ತಿದೆ ಅಂತಾನೂ ಹೇಳಿದ.

ಎಲ್ಲರಿಗೂ ನಾನು ಇದೇ ಸಲಹೆ ಕೊಡುವುದಿಲ್ಲ. ಚೆನ್ನಾಗಿ ವಾದಿಸಿ ಬರೆಯುವವರು ಸುಮ್ನೆ ಸಮಯ ಸಾಲದೆ ಅರ್ಧ ಬ್ಯಾಂಡ್ ಕಳೆದುಕೊಂಡಿದ್ದರೆ ಆ ಒಂದೇ ವಿಭಾಗದ ಮರುಪರೀಕ್ಷೆ ಬರೆಯುವ ಅವಕಾಶವಿದೆ. ನಿಮ್ಮ ವಿಶ್ವವಿದ್ಯಾಲಯ ಆ ಫಲಿತಾಂಶ ಒಪ್ಪುತ್ತದಾ ಎಂದು ಮಾತ್ರ ಫೀ ಕಟ್ಟುವ ಮೊದಲು ಕೇಳಿಕೊಳ್ಳಿ.