ರಿಂಗ್ ರೋಡ್ ಅಂದ್ರೆ ನಮ್ಮ ರಿಂಗ್ ರೋಡ್ ಅಲ್ಲ

ಹೋದ ಸಂಚಿಕೆಯಲ್ಲಿ ಐಸ್‌ಲ್ಯಾಂಡ್ ಸುತ್ತಿ ಬಂದ್ವಿ ಅಂತ ಒಂದೇ ಒಂದು ಸಾಲು ಬರೆದಿದ್ದೆ ಅಷ್ಟೆ, ಪ್ರಶ್ನೆಗಳು ಬಂದಿದ್ದು ನೋಡಿ ನನಗೇ ಆಶ್ಚರ್ಯ. ಒಂದೇ ಥರದ್ದು ಬಿಟ್ಟು ಐದು ಆರಿಸ್ಕೊಂಡಿದೀನಿ.

ಪ್ರಶ್ನೆ: ಮೇಡಂ, ನನಗೂ ನನ್ನ ಹಸ್ಬೆಂಡ್‌ಗೂ ಒಟ್ಟು ಆರೇ ದಿನ ರಜ. ಐಸ್‌ಲ್ಯಾಂಡ್ ರಿಂಗ್ ರೋಡ್ 1,300 ಕಿ.ಮೀ. ಚಿಲ್ಲರೆ ಅಂತೆ, ದಿನಕ್ಕೆ 220 ಅಂದ್ರೆ ಬೆಂಗಳೂರಿಂದ ಹಾಸನಕ್ಕೆ ಹೋಗೋದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಮುಗಿಸಬಹುದಲ್ವಾ? — ವಿಜಯನಗರ, ಬೆಂಗಳೂರು

ಲೆಕ್ಕ ಸರಿ ಇದೆ ಕಣ್ರೀ, ಆದ್ರೆ ಆ ಲೆಕ್ಕದಲ್ಲಿ ಗಾಳಿ ಇಲ್ಲ. ಅಲ್ಲಿ ಡಾಂಬರು ರಸ್ತೆ ಮೇಲೆ 90ರ ಲಿಮಿಟ್, ಟ್ರಾಫಿಕ್ ಅನ್ನೋದು ರಾಜಧಾನಿ ರೇಕ್ಯಾವಿಕ್ ದಾಟಿದ್ಮೇಲೆ ಇಲ್ವೇ ಇಲ್ಲ, ಹಂಗಾಗಿ ಮ್ಯಾಪ್ ನೋಡಿದ್ರೆ ಸಲೀಸು ಅನ್ಸುತ್ತೆ. ಆದ್ರೆ ಗಾಳಿ ಜೋರಾದ ದಿನ ರಸ್ತೆನೇ ಮುಚ್ಚಿಬಿಡ್ತಾರೆ, ಅದರಲ್ಲೂ ದಕ್ಷಿಣದ ಮರಳುಗಾಡಿನ ಭಾಗದಲ್ಲಿ ಗಾಳಿ ಮರಳು ಹೊತ್ತು ತಂದು ಕಾರಿನ ಪೇಂಟ್ ಕೆರೆದುಹಾಕುತ್ತೆ, ಅದಕ್ಕೇ ಮರಳು-ಬೂದಿ ಇನ್ಶೂರೆನ್ಸ್ ಅಂತಾನೇ ಬೇರೆ ಮಾರ್ತಾರೆ. ಆರು ದಿನದಲ್ಲಿ ಸುತ್ತು ಹಾಕೋಕೆ ಹೊರಟವರು ಅರ್ಧ ಸುತ್ತಿದ ಮೇಲೆ ಸಿಕ್ಕಿಹಾಕ್ಕೊಂಡ್ರೆ ವಾಪಸ್ ಬರೋಕೂ ಅಷ್ಟೇ ದೂರ, ಮುಂದೆ ಹೋಗೋಕೂ ಅಷ್ಟೇ ದೂರ. ಫ್ಲೈಟ್ ಮಿಸ್.

ನನ್ನ ಮಾತು ಕೇಳೋದಾದ್ರೆ ಸುತ್ತು ಹಾಕ್ಲೇಬೇಡಿ. ರೇಕ್ಯಾವಿಕ್‌ನಿಂದ ದಕ್ಷಿಣ ಕರಾವಳಿ ಹಿಡಿದು ಯೋಕುಲ್‌ಸಾರ್ಲೋನ್ ಅನ್ನೋ ಹಿಮಗಡ್ಡೆ ತೇಲೋ ಸರೋವರದವರೆಗೂ ಹೋಗಿ, ಸುಮಾರು 370 ಕಿ.ಮೀ., ಅದೇ ದಾರೀಲಿ ವಾಪಸ್ ಬನ್ನಿ. ಅದೇ ದಾರಿನಾ ಅಂತ ಮೂಗು ಮುರೀಬೇಡಿ, ಹೋಗುವಾಗ ಮಳೇಲಿ ಕಾಣದೇ ಇದ್ದ ಬೆಟ್ಟ ಬರುವಾಗ ಬಿಸಿಲಲ್ಲಿ ಬೇರೇನೇ ಕಾಣುತ್ತೆ. ಪೂರ್ತಿ ಸುತ್ತಿಗೆ ಹತ್ತು ದಿನ, ಅದರಲ್ಲಿ ಒಂದು ದಿನ ಏನೂ ಬುಕ್ ಮಾಡದೆ ಖಾಲಿ ಬಿಡಿ, ಗಾಳಿಗೆ ಅಂತ.

ಆ ಸುತ್ತು ಅನ್ನೋದೇ ಹಳೇದಲ್ಲ ಗೊತ್ತಾ. 1974ರವರೆಗೂ ಈ ರಸ್ತೆ ಕೂಡಿರ್ಲೇ ಇಲ್ಲ. ವಾಟ್ನಯೋಕುಲ್ ಹಿಮರಾಶಿಯಿಂದ ಇಳಿದು ಬರೋ ನೀರು ಬಯಲೆಲ್ಲಾ ಹರಡ್ಕೊಂಡು ದಿನಕ್ಕೊಂದು ಕಡೆ ಹರೀತಿತ್ತು, ಸೇತುವೆ ಎಲ್ಲಿ ಕಟ್ಟೋದು? ಆ ಬಯಲಿನ ಪೂರ್ವಕ್ಕೆ ಇದ್ದ ಜನ ರಾಜಧಾನಿಗೆ ಕಾರಲ್ಲಿ ಹೋಗ್ಬೇಕಂದ್ರೆ ಇಡೀ ದೇಶ ಉತ್ತರದಿಂದ ಬಳಸ್ಕೊಂಡು ಹೋಗ್ಬೇಕಿತ್ತು, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಕೊನೆಗೆ ಸೇತುವೆ ಕಟ್ಟಿದ್ರು. 1996ರಲ್ಲಿ ಹಿಮದ ಕೆಳಗಿನ ಜ್ವಾಲಾಮುಖಿ ಎದ್ದಿತು, ಕರಗಿದ ನೀರು ಒಳಗೇ ತುಂಬ್ಕೊಂಡು ನವೆಂಬರ್‌ನಲ್ಲಿ ಒಂದೇ ಸಲ ನುಗ್ಗಿ ಸೇತುವೆ ಹೊಡ್ಕೊಂಡು ಹೋಯ್ತು. ತಿರುಚಿದ ಉಕ್ಕಿನ ತೊಲೆ ಎರಡು ರಸ್ತೆ ಪಕ್ಕ ಹಾಗೇ ಇಟ್ಟಿದಾರೆ, ಸ್ಕಾಫ್ಟಾಫೆಲ್ ಹತ್ರ. ಕಬ್ಬಿಣಾನ ಬಟ್ಟೆ ಹಿಂಡಿದ ಹಾಗೆ ಹಿಂಡಿದೆ. ಜಲಪಾತಕ್ಕಿಂತ ಅದರ ಮುಂದೇನೇ ನಾನು ಜಾಸ್ತಿ ಹೊತ್ತು ನಿಂತಿದ್ದೆ.

(ಜಲಪಾತ ಅಂದ್ನಲ್ಲ, ಎಲ್ರೂ ಫೋಟೋ ಹಾಕೋ ಸ್ಕೋಗಾಫಾಸ್ 60 ಮೀಟರ್. ನಮ್ಮ ಜೋಗ 253. ಆದ್ರೆ ಅದರ ಬುಡದವರೆಗೂ ಸಪಾಟು ನೆಲದಲ್ಲಿ ನಡ್ಕೊಂಡು ಹೋಗಿ ನೆನೀಬಹುದು, ಜೋಗದಲ್ಲಿ ಅದು ಸುಲಭಾನಾ?)

ಪ್ರಶ್ನೆ: ಅಲ್ಲಿ ಬಲಗಡೆ ಡ್ರೈವಿಂಗ್ ಅಲ್ವಾ, ಭಯ ಆಗ್ಲಿಲ್ವಾ? ನಮ್ ಲೈಸೆನ್ಸ್ ನಡಿಯುತ್ತಾ? — ಹುಬ್ಬಳ್ಳಿ

ಲೈಸೆನ್ಸ್ ಇಂಗ್ಲಿಷ್ ಅಕ್ಷರದಲ್ಲಿದ್ರೆ ನಡಿಯುತ್ತೆ, ಆದ್ರೂ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡೇ ಹೋಗಿ ಸರ್, ಕೌಂಟರ್‌ನಲ್ಲಿ ವಾದ ಮಾಡೋಕೆ ನಿದ್ದೆಗೆಟ್ಟ ಮುಖದಲ್ಲಿ ಶಕ್ತಿ ಇರಲ್ಲ. ಬಲಗಡೆ ಓಡಿಸೋದು ಅರ್ಧ ಗಂಟೇಲಿ ಅಭ್ಯಾಸ ಆಗುತ್ತೆ. ನನಗೆ ಕಷ್ಟ ಆಗಿದ್ದು ಇಂಡಿಕೇಟರ್ ಹಾಕೋಕೆ ಹೋಗಿ ವೈಪರ್ ಹಾಕೋದು, ಕೊನೇ ದಿನದವರೆಗೂ.

ನಿಜವಾಗಿ ಕಲೀಬೇಕಾಗಿರೋದು ಬೇರೆ. ಒಂದೇ ಗಾಡಿ ಹೋಗೋ ಸೇತುವೆಗಳಿವೆ, 'ಐನ್‌ಬ್ರೇದ್ ಬ್ರೂ' ಅಂತ ಬೋರ್ಡು ಇರುತ್ತೆ, ಯಾರು ಸೇತುವೆಗೆ ಹತ್ರ ಇದಾರೋ ಅವರು ಮೊದಲು, ಹಾರ್ನೂ ಇಲ್ಲ ಜಗಳಾನೂ ಇಲ್ಲ. ಎರಡು ಲೇನಿನ ಸರ್ಕಲ್‌ನಲ್ಲಿ ಒಳಗಿನ ಲೇನಲ್ಲಿರೋರು ಹೊರಗೆ ಬರೋವಾಗ ಹೊರಗಿನವರು ದಾರಿ ಬಿಡ್ಬೇಕು. ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ. ಡಾಂಬರು ಮುಗಿದು ಜಲ್ಲಿ ಶುರುವಾಗೋ ಜಾಗದಲ್ಲಿ ಸ್ಪೀಡು ಮೊದಲೇ ಇಳಿಸಿ, ಅಲ್ಲೇ ಹೊಸಬರ ಗಾಡಿ ಜಾರೋದು. ಪೆಟ್ರೋಲ್ ಬಂಕ್‌ಗಳಲ್ಲಿ ಎಷ್ಟೋ ಕಡೆ ಆಳೇ ಇರಲ್ಲ, ಮೆಷಿನ್ನು, ಪಿನ್ ನಂಬರ್ ಇರೋ ಕಾರ್ಡೇ ಬೇಕು.

ಮತ್ತೆ ಕಾರಿನ ಡೋರು. ವೀಕ್ ಊರಿನ ಹತ್ರ ನಮ್ಮೆಜಮಾನ್ರು ಗಾಳಿಗೆ ಬೆನ್ನು ಮಾಡಿ ಕಾರು ನಿಲ್ಲಿಸಿ ಆರಾಮಾಗಿ ಬಾಗ್ಲು ತೆಗೆದ್ರು, ಅಷ್ಟೇ, ಗಾಳಿ ಬಾಗ್ಲನ್ನ ಕಿತ್ಕೊಂಡು ಹೋಗೋ ಹಾಗೆ ಮುಂದಕ್ಕೆ ಮಡಚಿಬಿಡ್ತು, ಹಿಂಜ್ ಬೆಂಡಾಗಿ ಆಮೇಲೆ ಮುಚ್ಚೋಕೇ ಬರಲಿಲ್ಲ. ಕಾರು ಬಾಡಿಗೆ ಕೊಟ್ಟೋರು ಇದು ಇನ್ಶೂರೆನ್ಸ್‌ನಲ್ಲಿ ಬರಲ್ಲ ಅಂತ ಕಾಗದ ತೋರಿಸಿದ್ರು, ನೋಡಿದ್ರೆ ಹೌದು, ಬರೆದಿತ್ತು, ನಾವೇ ಓದಿರ್ಲಿಲ್ಲ. ಆ ದುಡ್ಡಲ್ಲಿ ಇನ್ನೊಂದು ಸಲ ಗೋವಾಗೆ ಹೋಗಿ ಬರಬಹುದಿತ್ತು. ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಡೋರನ್ನ ಎರಡೂ ಕೈಲಿ ಹಿಡ್ಕೊಂಡು ತೆಗೀರಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ. ಉಪವಾಸಾನೇ ಗತಿನಾ? — ಉಡುಪಿ

ಅಡುಗೆಮನೆ ಇರೋ ಗೆಸ್ಟ್‌ಹೌಸ್ ಬುಕ್ ಮಾಡಿ, ಚಿಂತೆ ಮುಗೀತು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ತಗೊಂಡೋಗಿ, ಅಕ್ಕಿ ತರಕಾರಿ ಅಲ್ಲೇ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತೆ, ಗುಲಾಬಿ ಹಂದಿ ಚಿತ್ರ ಇರೋ ಬೋನಸ್ ಅನ್ನೋ ಅಂಗಡಿ ಅಗ್ಗ (ಹಂದಿ ನೋಡಿ ಹೊರಗಡೆನೇ ನಿಲ್ಲಬೇಡಿ). ಸ್ಕೀರ್ ಅಂತ ನಮ್ಮ ಬಟ್ಟೇಲಿ ಕಟ್ಟಿ ಸೋಸಿದ ಮೊಸರಿನ ಥರದ್ದು ಎಲ್ಲಾ ಕಡೆ ಇರುತ್ತೆ, ಕೆಲವದ್ರಲ್ಲಿ ರೆನ್ನೆಟ್ (ಹಾಲು ಹೆಪ್ಪುಗಟ್ಟಿಸೋಕೆ, ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆಯೋದು) ಹಾಕಿರ್ತಾರೆ, ಲೇಬಲ್ ನೋಡಿ. ನಲ್ಲಿ ತಣ್ಣೀರು ಹಂಗೇ ಕುಡೀಬಹುದು. ಬಿಸಿನೀರು ಎಷ್ಟೋ ಕಡೆ ನೆಲದೊಳಗಿಂದಾನೇ ಬರೋದು, ಗಂಧಕದ ವಾಸನೆ, ಅದರಲ್ಲಿ ಕಾಫಿ ಮಾಡಬೇಡಿ, ನಾನು ಮಾಡಿ ಚೆಲ್ಲಿದೀನಿ.

ಪ್ರಶ್ನೆ: ಅಮ್ಮನಿಗೆ 68, ಮಂಡಿನೋವು. ಕರ್ಕೊಂಡು ಹೋಗ್ಬಹುದಾ ಅಕ್ಕಾ? — ಶಿವಮೊಗ್ಗ

ಖಂಡಿತಾ ಕರ್ಕೊಂಡು ಹೋಗಮ್ಮ. ಹಿಮದ ಸರೋವರ ಪಾರ್ಕಿಂಗ್ ಪಕ್ಕದಲ್ಲೇ ಇದೆ. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂದುಗಡೆ ಹೋಗೋ ದಾರಿ ಮಾತ್ರ ಜಾರುತ್ತೆ, ಅಮ್ಮ ಮುಂದೇನೇ ನಿಂತು ನೋಡ್ಲಿ. ರೇನಿಸ್‌ಫ್ಯಾರಾ ಅನ್ನೋ ಕಪ್ಪು ಮರಳಿನ ಬೀಚಲ್ಲಿ ಶಾಂತವಾಗಿದ್ದ ಸಮುದ್ರ ಇದ್ದಕ್ಕಿದ್ದಂಗೆ ಒಂದು ಅಲೆ ದೂರದವರೆಗೂ ನುಗ್ಗಿಸುತ್ತೆ, ಜನ ಸತ್ತಿದಾರೆ, ಅಲ್ಲಿ ಅಮ್ಮ ಮಾತ್ರ ಅಲ್ಲ ನೀನೂ ನೀರಿಗೆ ಬೆನ್ನು ಹಾಕಿ ಸೆಲ್ಫಿ ತಗೋಬೇಡ.

ಮಂಡಿನೋವಿಗೆ ಹೇಳಿ ಮಾಡಿಸಿದ್ದು ಊರೂರಲ್ಲೂ ಇರೋ ಬಿಸಿನೀರಿನ ಈಜುಕೊಳ. ಆದ್ರೆ ಒಂದು ವಿಷಯ ಮೊದಲೇ ಅಮ್ಮನಿಗೆ ಹೇಳಿಡು, ಕೊಳಕ್ಕೆ ಇಳಿಯೋ ಮುಂಚೆ ಬಟ್ಟೆ ಪೂರ್ತಿ ತೆಗೆದು ಸೋಪು ಹಚ್ಚಿ ಸ್ನಾನ ಮಾಡ್ಲೇಬೇಕು, ಹೆಂಗಸರಿಗೆ ಬೇರೆ ಕಡೆ, ಆದ್ರೂ ಎಲ್ಲಾರ ಎದುರಿಗೇ. ನಮ್ಮತ್ತೆ ಮೊದಲನೇ ದಿನ ಕಾರಲ್ಲೇ ಕೂತಿದ್ರು, ಎರಡನೇ ದಿನದಿಂದ ನಮಗಿಂತ ಮುಂಚೆ ಟವಲ್ ಹಿಡ್ಕೊಂಡು ರೆಡಿ.

ಪ್ರಶ್ನೆ: ನಾನು ಥಾರ್ ಓಡಿಸೋನು. ಫೋರ್ ಬೈ ಫೋರ್ ತಗೊಂಡು ಆಫ್‌ರೋಡ್ ಹೊಡೀಬಹುದಾ? — ಸಕಲೇಶಪುರ

ಇಲ್ಲ ತಮ್ಮಾ, ಅಲ್ಲಿ ರಸ್ತೆ ಬಿಟ್ಟು ಇಳಿಯೋದು ಅಪರಾಧ, ದಂಡ ದೊಡ್ಡದು. 1783ರಲ್ಲಿ ಲಾಕಿ ಬಿರುಕಿಂದ ಉಕ್ಕಿದ ಲಾವಾ ಮೇಲೆ ಇವತ್ತು ಮೆತ್ತಗಿನ ಹಾವಸೆ ಹಾಸಿಗೆ ಥರ ಬೆಳೆದಿದೆ, ಎರಡು ಶತಮಾನದ ಮೇಲೆ. ಅದರ ಮೇಲೆ ಚಕ್ರ ಹೋದ್ರೆ ಗುರುತು ಎಷ್ಟೋ ವರ್ಷ ಅಳಿಯಲ್ಲ. ಜನ ತುಳಿದು ಹಾಳಾಗ್ತಿದೆ ಅಂತ 2019ರಲ್ಲಿ ಫ್ಯಾದ್ರಾರ್‌ಗ್ಲ್ಯೂವುರ್ ಕಣಿವೆನೇ ಒಂದಷ್ಟು ತಿಂಗಳು ಮುಚ್ಚಿದ್ರು. ಫೋರ್ ಬೈ ಫೋರ್ ಚಪಲ ಇದ್ರೆ ಎಫ್ ಅಕ್ಷರದಿಂದ ಶುರುವಾಗೋ ನಂಬರಿನ ಗುಡ್ಡಗಾಡು ರಸ್ತೆಗಳಿವೆ, ಬೇಸಿಗೇಲಿ ಮಾತ್ರ ತೆರೀತಾರೆ, ಹೊಳೆಗಳನ್ನ ಸೇತುವೆ ಇಲ್ದೇ ದಾಟ್ಬೇಕು, ಇಂಜಿನ್‌ಗೆ ನೀರು ನುಗ್ಗಿದ್ರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡಲ್ಲ. ಒಂಟಿ ಗಾಡೀಲಿ ಹೋಗ್ಬೇಡ.

ಇನ್ನೊಂದು, ಮಲೆನಾಡಲ್ಲಿ ದನ ನೋಡಿ ಓಡಿಸಿದೋನಿಗೂ ಹೇಳ್ಬೇಕು. ಬೇಸಿಗೇಲಿ ಕುರಿಗಳನ್ನ ಬಿಟ್ಟಿರ್ತಾರೆ. ತಾಯಿ ರಸ್ತೆಯ ಒಂದು ಕಡೆ, ಮರಿ ಇನ್ನೊಂದು ಕಡೆ ಇದ್ರೆ ಪೂರ್ತಿ ಸ್ಲೋ ಮಾಡು. ಕಾರು ಹತ್ರ ಬಂದಾಗಲೇ ಮರಿಗೆ ಅಮ್ಮನ ನೆನಪಾಗೋದು.